ಬರ್ಫರ್ಡ್ ಚರ್ಚ್ ನೋಡುವ ಕ್ರಮ: ಇಂಗ್ಲೆಂಡಿನ ಹಳೆಯ ಊರಚರ್ಚನ್ನು ಬಿಡಿಸಿ ನೋಡಲು ಒಂದು ಮಾರ್ಗದರ್ಶಿ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಕಡೆ ಒಂದು ದಿನದ ಪ್ರವಾಸ ಹೋಗುವ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೈಬರಿಯ ಸಾಲುಮನೆಗಳ ಮುಂದೆ ಫೋಟೋ, ಬೋರ್ಟನ್‌ನ ಹೊಳೆ ಪಕ್ಕ ಐಸ್‌ಕ್ರೀಂ, ಬರ್ಫರ್ಡ್‌ನ ಇಳಿಜಾರು ಬೀದಿಯಲ್ಲಿ ಟೀ. ಆ ಬೀದಿಯ ಕೆಳತುದಿಯ ಹತ್ತಿರ, ವಿಂಡ್‌ರಷ್ ನದಿಗೆ ಸ್ವಲ್ಪ ಮೊದಲು, ಬಲಗಡೆ ಒಂದು ಚೂಪು ಶಿಖರ ಕಾಣುತ್ತದೆ. ಅದು ಸ್ನಾನಿಕ ಯೋಹಾನನ ಹೆಸರಿನ ಚರ್ಚ್. ಜಾಸ್ತಿ ಜನ ಒಳಗೆ ಹೋಗಿ ಐದು ನಿಮಿಷ ಸುತ್ತಿ, ಬಣ್ಣದ ಕಿಟಕಿಯ ಒಂದು ಫೋಟೋ ತೆಗೆದು ಹೊರಗೆ ಬಂದುಬಿಡುತ್ತಾರೆ. ತಪ್ಪು ಅವರದ್ದಲ್ಲ. ಏನು ನೋಡಬೇಕು ಅಂತ ಯಾರೂ ಹೇಳಿರುವುದಿಲ್ಲ.

ಈ ಚರ್ಚ್ ಕಟ್ಟಲು ಶುರುಮಾಡಿದ್ದು 12ನೇ ಶತಮಾನದಲ್ಲಿ. ಮುಗಿಸಿದ್ದು ಯಾವಾಗ ಅಂತ ಕೇಳಿದರೆ ಉತ್ತರವೇ ಇಲ್ಲ. ಒಂದೊಂದು ತಲೆಮಾರು ಬಂದು ಒಂದಿಷ್ಟು ಒಡೆದಿದೆ, ಒಂದಿಷ್ಟು ಸೇರಿಸಿದೆ. ಹಾಗಾಗಿ ಇದನ್ನು ನೋಡುವಾಗ ಎರಡೇ ಪ್ರಶ್ನೆ ಕೈಯಲ್ಲಿರಲಿ. ಒಂದು, ಇಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ? ಎರಡು, ಇದಕ್ಕೆ ದುಡ್ಡು ಕೊಟ್ಟವರು ಯಾರು? ಶೈಲಿಗಳ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಈ ಎರಡು ಪ್ರಶ್ನೆ ಬಿಡಬೇಡಿ.

ಎರಡು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಇಲ್ಲಿ ಕಲಿತದ್ದು ಇಂಗ್ಲೆಂಡಿನ ಬೇರೆ ಯಾವ ಹಳೆಯ ಊರಚರ್ಚಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಹೊರಡುವ ಮುಂಚೆ

ಬರ್ಫರ್ಡ್‌ಗೆ ರೈಲಿಲ್ಲ. ಆಕ್ಸ್‌ಫರ್ಡ್‌ನಿಂದ ಪಶ್ಚಿಮಕ್ಕೆ ಸುಮಾರು 30 ಕಿ.ಮೀ. ಕಾರಿದ್ದರೆ ಸುಲಭ, ಇಲ್ಲದಿದ್ದರೆ ಬಸ್ಸಿನ ವೇಳೆ ನೋಡಿಕೊಂಡು ಹೊರಡಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತಿರುತ್ತದೆ, ಆಗ ಸುತ್ತಾಡಲು ಆಗುವುದಿಲ್ಲ. ಮದುವೆ, ಅಂತ್ಯಕ್ರಿಯೆ ಇದ್ದರೂ ಅಷ್ಟೇ. ಯಾಕೆಂದರೆ ಇದು ಮ್ಯೂಸಿಯಂ ಅಲ್ಲ, ಇವತ್ತಿಗೂ ಊರವರು ಬಳಸುವ ಚರ್ಚ್. ಚಪ್ಪಲಿ ಬಿಡಬೇಕಾಗಿಲ್ಲ. ಟೋಪಿ ತೆಗೆದರೆ ಒಳ್ಳೆಯದು. ಫೋಟೋಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೂ ಅಲ್ಲಿರುವವರನ್ನು ಒಂದು ಮಾತು ಕೇಳಿ. ಕಾಣಿಕೆ ಪೆಟ್ಟಿಗೆಗೆ ಏನಾದರೂ ಹಾಕಿ. ಇಷ್ಟು ಹಳೆಯ ಕಟ್ಟಡದ ಸೂರು ರಿಪೇರಿ ಎಂದರೆ ಸುಮ್ನೆ ಮಾತಲ್ಲ.

ಜೊತೆಗೆ ಒಂದು ಸಣ್ಣ ಟಾರ್ಚ್ ಇರಲಿ, ಮೊಬೈಲಿನದ್ದಾದರೂ ಸಾಕು. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಒಳ್ಳೊಳ್ಳೆಯ ಕೆತ್ತನೆಗಳೆಲ್ಲ ಕತ್ತು ನೋಯುವಷ್ಟು ಮೇಲಿರುತ್ತವೆ.

ಕಮಾನುಗಳ ಲೆಕ್ಕ ಒಂದಿಷ್ಟು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಕಮಾನು ಅರ್ಧಚಂದ್ರದ ಹಾಗೆ ದುಂಡಗಿದ್ದು, ಗೋಡೆ ಬಹಳ ದಪ್ಪಗಿದ್ದರೆ ಅದು ನಾರ್ಮನ್ ಕಾಲದ್ದು. ಅಂದರೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲಿನ ನೂರು, ನೂರಿಪ್ಪತ್ತು ವರ್ಷ. ಕಮಾನಿನ ತುದಿ ಚೂಪಾಯಿತು ಎಂದರೆ ಗೋಥಿಕ್ ಶುರುವಾಯಿತು ಅಂತ. ಅದರಲ್ಲಿ ಮೂರು ಹಂತ. ಸುಮಾರು 1190ರಿಂದ ಸಣ್ಣ, ಉದ್ದನೆಯ, ಈಟಿಯ ಮೊನೆಯಂಥ ಒಂಟಿ ಕಿಟಕಿಗಳು. 1300ರ ಆಸುಪಾಸಿನಲ್ಲಿ ಕಿಟಕಿಯ ಮೇಲ್ಭಾಗದ ಕಲ್ಲು ಬಳ್ಳಿಯ ಹಾಗೆ ಬಾಗಿ ಬಳುಕುತ್ತದೆ. 1350ರ ನಂತರ ಆ ಬಳುಕು ಹೋಗಿ ನೆಟ್ಟನೆ ಗೆರೆಗಳು ಬರುತ್ತವೆ. ಕಿಟಕಿ ಅಗಲವಾಗುತ್ತದೆ, ಕಲ್ಲಿನ ಕಡ್ಡಿಗಳು ಕೆಳಗಿನಿಂದ ಮೇಲಿನವರೆಗೂ ನೇರ ಹೋಗುತ್ತವೆ, ಗೋಡೆಗಿಂತ ಗಾಜೇ ಜಾಸ್ತಿ ಆಗುತ್ತದೆ. ಇದಕ್ಕೆ ಪರ್ಪೆಂಡಿಕ್ಯುಲರ್ ಎಂದು ಹೆಸರು. ಕಟ್ಟಿದವರಿಗೆ ಈ ಹೆಸರುಗಳು ಯಾವುದೂ ಗೊತ್ತಿರಲಿಲ್ಲ. ಗೋಥಿಕ್‌ನ ಈ ಮೂರು ಹಂತಕ್ಕೆ ಹೆಸರಿಟ್ಟು ಚಲಾವಣೆಗೆ ತಂದವನು 19ನೇ ಶತಮಾನದ ಶುರುವಿನಲ್ಲಿದ್ದ ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್.

ಚೂಪು ಕಮಾನು ನಮಗೆ ಹೊಸದೇನಲ್ಲ. ಮೈಸೂರಿನ ಸಂತ ಫಿಲೋಮಿನಾ ಚರ್ಚ್ ನೋಡಿದವರಿಗೆ ಗೋಥಿಕ್‌ನ ಪರಿಚಯ ಇದ್ದೇ ಇರುತ್ತದೆ. ಆದರೆ ಅದು 1930ರ ದಶಕದಲ್ಲಿ ಒಂದೇ ನಕ್ಷೆ ಹಿಡಿದು ಕಟ್ಟಿದ ಕಟ್ಟಡ. ಬರ್ಫರ್ಡ್‌ನಲ್ಲಿ ಆ ಥರ ಒಂದು ನಕ್ಷೆ ಹುಡುಕಬೇಡಿ, ಸಿಗುವುದಿಲ್ಲ.

ಮೊದಲು ಹೊರಗೆ ಒಂದು ಸುತ್ತು

ಬಂದ ತಕ್ಷಣ ಒಳಗೆ ನುಗ್ಗಬೇಡಿ. ಪೂರ್ತಿ ಒಂದು ಪ್ರದಕ್ಷಿಣೆ ಹಾಕಿ. ದಿಕ್ಕು ತಿಳಿಯುವುದು ಸುಲಭ. ಬಲಿಪೀಠ ಯಾವಾಗಲೂ ಪೂರ್ವಕ್ಕೆ ಇರುತ್ತದೆ, ಪೂಜೆಗೆ ಬಂದವರ ಮುಖವೂ ಆ ಕಡೆಗೇ. ಪಶ್ಚಿಮದ ಉದ್ದನೆಯ ಭಾಗ ಜನ ಕೂರುವ ಜಾಗ, ಅದಕ್ಕೆ ನೇವ್ ಎನ್ನುತ್ತಾರೆ. ಪೂರ್ವದ ಭಾಗ ಪಾದ್ರಿಯದು, ಅದು ಚಾನ್ಸಲ್. ಬರ್ಫರ್ಡ್‌ನಲ್ಲಿ ಇವೆರಡರ ನಡುವೆ ಗೋಪುರ ನಿಂತಿದೆ. ಗೋಪುರದ ಎಡಕ್ಕೂ ಬಲಕ್ಕೂ ಒಂದೊಂದು ತೋಳು ಚಾಚಿಕೊಂಡಿದೆ. ಮೇಲಿನಿಂದ ನೋಡಿದರೆ ಶಿಲುಬೆಯ ಆಕಾರ.

ಈಗ ಸ್ವಲ್ಪ ದೂರ ಸರಿದು ಗೋಪುರವನ್ನೇ ನೋಡಿ. ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಕಣ್ಣು ಹಾಯಿಸಿ. ಕೆಳಭಾಗ ದಪ್ಪ, ಗಟ್ಟಿಮುಟ್ಟು. ಅಲ್ಲಿನ ಕಮಾನುಗಳು ದುಂಡು. ಒಂದು ಎತ್ತರ ದಾಟಿದ ಮೇಲೆ ಕೆಲಸದ ಕೈಯೇ ಬದಲಾಗುತ್ತದೆ. ಅಲ್ಲಿಂದ ಮೇಲಿರುವ ಗಂಟೆಯ ಅಂತಸ್ತು ಮತ್ತು ಚೂಪು ಶಿಖರ 15ನೇ ಶತಮಾನದವು. ನಡುವೆ ಸುಮಾರು ಮುನ್ನೂರು ವರ್ಷ. ಆ ಗೆರೆ ಕಣ್ಣಿಗೆ ಸಿಕ್ಕಿತು ಎಂದರೆ ಮೊದಲ ಪ್ರಶ್ನೆಗೆ ಉತ್ತರ ಹುಡುಕುವುದು ನಿಮಗೆ ಬಂತು.

ಪಶ್ಚಿಮದ ಬಾಗಿಲ ಹತ್ತಿರ ಹೋಗಿ. ಇದು ನಾರ್ಮನ್ ಬಾಗಿಲು. ದುಂಡು ಕಮಾನು, ಒಂದರೊಳಗೆ ಒಂದು ಕೂತ ಕೆತ್ತನೆಯ ಸಾಲುಗಳು. ಆದರೆ ಅದರ ಮೇಲಿನ ದೊಡ್ಡ ಕಿಟಕಿ ನೋಡಿ, ಆ ಕಾಲದ್ದಲ್ಲವೇ ಅಲ್ಲ. ಉಳಿದ ಗೋಡೆಯನ್ನೆಲ್ಲ ಬದಲಿಸಿದವರು ಬಾಗಿಲನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಇಂಗ್ಲೆಂಡಿನ ಊರಚರ್ಚುಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೀರಿ. ಹಳೆಯ ಬಾಗಿಲನ್ನು ಕಳೆದುಕೊಳ್ಳಲು ಜನರಿಗೆ ಮನಸ್ಸು ಬರುತ್ತಿರಲಿಲ್ಲವೋ, ಒಳ್ಳೆಯ ಕೆತ್ತನೆ ಮತ್ತೆ ಮಾಡಿಸಲು ದುಡ್ಡು ದಂಡ ಎನಿಸುತ್ತಿತ್ತೋ, ಎರಡೂ ಇರಬಹುದು.

ಸಮಾಧಿಗಳ ನಡುವೆ ಸ್ವಲ್ಪ ಹೊತ್ತು

ಚರ್ಚಿನ ಸುತ್ತಲ ಹುಲ್ಲಿನಲ್ಲಿ ಕಲ್ಲಿನ ಪೆಟ್ಟಿಗೆಯಂಥ ಸಮಾಧಿಗಳಿವೆ. ಕೆಲವುಗಳ ಮೇಲೆ ಉರುಟಾದ, ಉದ್ದುದ್ದ ಗೀರುಗಳಿರುವ ಒಂದು ಕಲ್ಲು ಮಲಗಿಸಿದ್ದಾರೆ. ಇವಕ್ಕೆ ಬೇಲ್ ಸಮಾಧಿ ಎಂದು ಹೆಸರು. 17, 18ನೇ ಶತಮಾನದವು. ಆ ಉರುಟು ಕಲ್ಲು ಉಣ್ಣೆಯ ಮೂಟೆ, ಕೆಳಗೆ ಮಲಗಿರುವವನು ಉಣ್ಣೆ ವ್ಯಾಪಾರಿ ಎಂದು ಊರಲ್ಲಿ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹಿಂದೆ ಶವಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಲು ಇಡುತ್ತಿದ್ದ ಬಾಗಿದ ಚೌಕಟ್ಟಿನ ಆಕಾರವನ್ನೇ ಕಲ್ಲಿನಲ್ಲಿ ಮಾಡಿದ್ದಾರೆ ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ನೀವು ನೋಡಿ ತೀರ್ಮಾನ ಮಾಡಿ.

ಏನೇ ಇರಲಿ, ಉಣ್ಣೆಯ ಮಾತು ಸುಳ್ಳಲ್ಲ. ಕಾಟ್ಸ್‌ವೋಲ್ಡ್ಸ್ ಬೆಟ್ಟಗಳಲ್ಲಿ ಕುರಿ ಸಾಕುವುದಕ್ಕೆ ಒಳ್ಳೆಯ ಹುಲ್ಲಿತ್ತು. ಇಲ್ಲಿನ ಉಣ್ಣೆ ಸಮುದ್ರ ದಾಟಿ ಫ್ಲಾಂಡರ್ಸ್‌ಗೆ (ಈಗಿನ ಬೆಲ್ಜಿಯಂ ಕಡೆಯ ನಾಡು), ಇಟಲಿಗೆ ಹೋಗುತ್ತಿತ್ತು. ಈ ಸಣ್ಣ ಊರಿಗೆ ಇಷ್ಟು ದೊಡ್ಡ ಚರ್ಚ್ ಯಾಕೆ ಎನ್ನುವುದಕ್ಕೆ ಉತ್ತರ ಅಲ್ಲಿದೆ. ಸುತ್ತಲಿನ ನಾರ್ತ್‌ಲೀಚ್, ಚಿಪ್ಪಿಂಗ್ ಕ್ಯಾಂಪ್‌ಡನ್ ಊರುಗಳ ದೊಡ್ಡ ಚರ್ಚುಗಳ ಹಿಂದೆಯೂ ಕುರಿಯೇ ಇರುವುದು.

ಕಲ್ಲಿನ ಬಣ್ಣವನ್ನೂ ಗಮನಿಸಿ. ಜೇನಿನ ಬಣ್ಣದ ಸುಣ್ಣಕಲ್ಲು. ಪಕ್ಕದ ಟೇಂಟನ್ ಊರಿನ ಗಣಿಗಳ ಕಲ್ಲು ಆಕ್ಸ್‌ಫರ್ಡ್‌ನ ಕಾಲೇಜುಗಳಿಗೂ ಹೋಗಿದೆ. ಬರ್ಫರ್ಡ್ ಹತ್ತಿರ ಗಣಿ ಇಟ್ಟುಕೊಂಡಿದ್ದ ಕ್ರಿಸ್ಟೊಫರ್ ಕೆಂಪ್‌ಸ್ಟರ್ ಎಂಬ ಕಲ್ಲುಕುಟಿಗ ಲಂಡನ್ನಿನಲ್ಲಿ ಸೇಂಟ್ ಪಾಲ್ಸ್ ಎಂಬ ದೊಡ್ಡ ಚರ್ಚ್ ಕಟ್ಟುವಾಗ ಅದರ ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್ ಜೊತೆ ಕೆಲಸ ಮಾಡಿದವನು. 1715ರಲ್ಲಿ ತೀರಿಕೊಂಡ. ಅವನ ಸ್ಮಾರಕ ಈ ಚರ್ಚಿನ ಒಳಗಿದೆ, ಒಳಗೆ ಹೋದಾಗ ಹುಡುಕಿ. ದುಡ್ಡು ಕೊಟ್ಟವರ ಹೆಸರು ಎಲ್ಲ ಕಡೆ ಉಳಿಯುತ್ತದೆ. ಉಳಿ ಹಿಡಿದವನ ಹೆಸರು ಉಳಿಯುವುದು ಅಪರೂಪ.

ದಕ್ಷಿಣದ ಮುಖಮಂಟಪ

ಒಳಗೆ ಹೋಗುವುದು ದಕ್ಷಿಣದಿಂದ. ಬಾಗಿಲ ಮುಂದಿನ ಮಂಟಪ ಮೂರು ಅಂತಸ್ತಿನದು, 15ನೇ ಶತಮಾನದ್ದು. ಹೊರಗೋಡೆ ಪೂರ್ತಿ ನೆಟ್ಟನೆ ಕಲ್ಲುಪಟ್ಟಿಗಳು. ಉಣ್ಣೆಯ ದುಡ್ಡು ಹೀಗೆ ಕಾಣುತ್ತದೆ. ಒಳಗೆ ಹೋದ ಕೂಡಲೇ ತಲೆ ಎತ್ತಿ ಮೇಲ್ಚಾವಣಿ ನೋಡಲು ಮರೆಯಬೇಡಿ.

ಆ ಕಾಲದಲ್ಲಿ ಮುಖಮಂಟಪ ಎಂದರೆ ಮಳೆಗೆ ನಿಲ್ಲುವ ಜಾಗ ಮಾತ್ರ ಆಗಿರಲಿಲ್ಲ. ಮದುವೆಯ ಶಾಸ್ತ್ರದ ಮೊದಲ ಭಾಗ ಬಾಗಿಲಲ್ಲೇ ನಡೆಯುತ್ತಿತ್ತು. ವ್ಯವಹಾರದ ಮಾತುಕತೆ, ಸಾಲ ತೀರಿಸುವುದು ಕೂಡ ಇಂಥ ಕಡೆ ಆಗುತ್ತಿತ್ತು. ದೇವರ ಬಾಗಿಲಲ್ಲಿ ಕೊಟ್ಟ ಮಾತಿಗೆ ತೂಕ ಜಾಸ್ತಿ, ಅಲ್ವಾ?

ಮಂಟಪದ ಮುಂದೆ ನಿಂತಾಗ ಎಡಗಡೆ, ಅಂದರೆ ಪಶ್ಚಿಮಕ್ಕೆ, ಇನ್ನೊಂದು ಕಟ್ಟಡ ಅಂಟಿಕೊಂಡ ಹಾಗೆ ಕಾಣುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ. ಒಳಗೆ ಹೋಗಿ ಅದರ ವಿಷಯಕ್ಕೆ ಬರುತ್ತೇನೆ.

ಒಳಗೆ: ಮೊದಲು ಕೂತುಕೊಳ್ಳಿ

ಹಿಂದಿನ ಸಾಲಿನಲ್ಲಿ ಎಲ್ಲಾದರೂ ಕೂತು ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಬಿಡಿ. ಮುಂದೆ ನೋಡಿ. ನೇವ್ ಎತ್ತರವಾಗಿದೆ, ಬೆಳಕು ಚೆನ್ನಾಗಿದೆ, ಮೇಲೆ ಕಿಟಕಿಗಳ ಸಾಲಿದೆ. ಇದು 15ನೇ ಶತಮಾನದ ದೊಡ್ಡ ರಿಪೇರಿಯ ಫಲ. ಆದರೆ ಅದರ ಕೊನೆಯಲ್ಲಿ, ಗೋಪುರದ ಬುಡದಲ್ಲಿ, ಬೆಳಕು ತಟ್ಟನೆ ಕಡಿಮೆಯಾಗಿ ದಪ್ಪ ಗೋಡೆ ಅಡ್ಡ ಬರುತ್ತದೆ. ಅಲ್ಲಿಗೆ ನೀವು 12ನೇ ಶತಮಾನಕ್ಕೆ ಹೋದಿರಿ. ಎಲ್ಲ ಕಡೆ ಹಿಗ್ಗಿಸಿದ ಜನ ಗೋಪುರದ ಬುಡವನ್ನು ಮುಟ್ಟಲಿಲ್ಲ. ಮುಟ್ಟುವುದು ಹೇಗೆ? ಮೇಲೆ ಅಷ್ಟೂ ಭಾರ ಕೂತಿದೆಯಲ್ಲ.

ಗೋಪುರದ ಅಡಿಗೆ ನಡೆದು ಹೋಗಿ. ಆಗಲೇ ಮುನ್ನೂರು ವರ್ಷ ಹಳೆಯದಾಗಿದ್ದ ಕಂಬಗಳ ಮೇಲೆ ಹೊಸ ಅಂತಸ್ತು, ಅದರ ಮೇಲೆ ಕಲ್ಲಿನ ಶಿಖರ ಹೇರುವುದು ಧೈರ್ಯದ ಕೆಲಸ. ಆ ಕಾಲದ ಮೇಸ್ತ್ರಿಗಳಿಗೆ ಲೆಕ್ಕದ ಪುಸ್ತಕ ಇರಲಿಲ್ಲ, ಅನುಭವವೇ ಎಲ್ಲ. ಎಷ್ಟೋ ಊರುಗಳಲ್ಲಿ ಹೀಗೆ ಹೇರಿದ ಗೋಪುರ ಬಿದ್ದುಹೋಗಿದೆ. ಇಂಥ ಯಾವುದೇ ಚರ್ಚಿನಲ್ಲಿ ಮೂರು ವಿಷಯ ಹುಡುಕಿ: ಕಂಬ ಸ್ವಲ್ಪ ವಾಲಿದೆಯಾ, ಕಮಾನಿನ ಆಕಾರ ಕೆಟ್ಟಿದೆಯಾ, ಕಮಾನಿನ ಒಳಗೆ ಆಮೇಲೆ ಕಲ್ಲು ತುಂಬಿಸಿದ್ದಾರಾ. ಗೋಪುರದ ಗೋಡೆಯ ಮೇಲೆ ಕೆಲವೊಮ್ಮೆ ತಲೆಕೆಳಗಾದ ವಿ ಆಕಾರದ ಗೆರೆಯೂ ಕಾಣುತ್ತದೆ. ಅದು ಹಳೆಯ ಸೂರು ಗೋಡೆಗೆ ತಾಗಿದ್ದ ಜಾಗ. ಈಗಿನ ಚಾವಣಿಗಿಂತ ಹಳೆಯದು ಎಷ್ಟು ತಗ್ಗಿತ್ತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಗೋಡೆಯಲ್ಲಿ ಸೇರಿಸಿದ ಒಂದು ಸಣ್ಣ, ಒರಟು ಕೆತ್ತನೆಯೂ ಇದೆ. ಮೂರು ಆಕೃತಿ, ಅದರಲ್ಲಿ ಒಂದು ಪ್ರಾಣಿಯ ಮೇಲೆ ಕೂತಿದೆ. ಕ್ರೈಸ್ತಧರ್ಮಕ್ಕೂ ಹಿಂದಿನ ಕುದುರೆ ದೇವತೆ ಎಪೋನಾ ಎನ್ನುವವರಿದ್ದಾರೆ. ಇಲ್ಲ, ಮರಿಯಳು ಮಗುವಿನ ಜೊತೆ ಈಜಿಪ್ಟಿಗೆ ಓಡುತ್ತಿರುವ ದೃಶ್ಯ ಎನ್ನುವವರೂ ಇದ್ದಾರೆ. ಎರಡೂ ಕಡೆಯವರು ಗಟ್ಟಿಯಾಗಿಯೇ ವಾದಿಸುತ್ತಾರೆ.

ಗಿಲ್ಡ್ ಚಾಪೆಲ್: ಸೇರಿಸಿದ ಜಾಗ ಹುಡುಕಿ

ಹೊರಗೆ ನೋಡಿದ ಆ ಅಂಟಿಕೊಂಡ ಕಟ್ಟಡ ಇದು. ಬರ್ಫರ್ಡ್‌ನ ವ್ಯಾಪಾರಿಗಳ ಸಂಘಕ್ಕೆ, ಅಂದರೆ ಗಿಲ್ಡ್‌ಗೆ, ಊರಿನ ಒಡೆಯ ರಾಬರ್ಟ್ ಫಿಟ್ಜ್‌ಹಾಮನ್ ಹಕ್ಕುಪತ್ರ ಕೊಟ್ಟಿದ್ದ. ಅವನು ಸತ್ತಿದ್ದು 1107ರಲ್ಲಿ, ಹಾಗಾಗಿ ಆ ಪತ್ರ ಅದಕ್ಕೂ ಹಿಂದಿನದು. ಇಂಗ್ಲೆಂಡಿನಲ್ಲೇ ಇಂಥ ಅತಿ ಹಳೆಯ ಪತ್ರಗಳಲ್ಲಿ ಇದೂ ಒಂದು. ವ್ಯಾಪಾರಿಗಳು 1200ರ ಸುಮಾರಿಗೆ ಚರ್ಚಿನ ಪಕ್ಕದಲ್ಲೇ ತಮ್ಮದೇ ಒಂದು ಚಾಪೆಲ್, ಅಂದರೆ ಸಣ್ಣ ಪ್ರಾರ್ಥನಾ ಮಂದಿರ, ಕಟ್ಟಿಕೊಂಡರು. ಪಕ್ಕದಲ್ಲಿ, ಆದರೆ ಬೇರೆಯಾಗಿ. ನಡುವೆ ಖಾಲಿ ಜಾಗ ಇತ್ತು. ಊರ ಪಾದ್ರಿಯ ಅಧಿಕಾರಕ್ಕೆ ಸಿಗದ ಹಾಗೆ ತಮ್ಮ ಪೂಜೆ, ತಮ್ಮ ಲೆಕ್ಕ.

15ನೇ ಶತಮಾನದಲ್ಲಿ ಚರ್ಚನ್ನು ಹಿಗ್ಗಿಸುವಾಗ ಈ ಚಾಪೆಲನ್ನೂ ಬದಲಿಸಿ ಚರ್ಚಿಗೆ ಸೇರಿಸಿಬಿಟ್ಟರು. ಈಗ ಒಳಗಿನಿಂದಲೇ ನಡೆದು ಹೋಗಬಹುದು. ಹೋಗುವಾಗ ಗೋಡೆಗಳು ಎಲ್ಲಿ ಕೂಡುತ್ತವೆ, ಸಾಲು ಎಲ್ಲಿ ತಪ್ಪುತ್ತದೆ ಎಂದು ನೋಡುತ್ತಾ ಹೋಗಿ. ಒಂದೇ ಸಲ ಕಟ್ಟಿದ್ದರೆ ಗೋಡೆ ಹೀಗೆ ತಡವರಿಸುತ್ತಿರಲಿಲ್ಲ. ಇಡೀ ಚರ್ಚಿನಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದೇ. ಬರ್ಫರ್ಡ್‌ನ ರಾಜಕೀಯವೆಲ್ಲ ಈ ಸಂದಿಯಲ್ಲಿದೆ.

ಇಲ್ಲಿ ಸಿಲ್ವೆಸ್ಟರ್ ಎಂಬ ವ್ಯಾಪಾರಿ ಕುಟುಂಬದ ಸಮಾಧಿಗಳು ತಲೆಮಾರು ತಲೆಮಾರಾಗಿ ಸಾಲುಗಟ್ಟಿವೆ. ದುಡ್ಡು ಯಾರದ್ದು ಎನ್ನುವ ಎರಡನೇ ಪ್ರಶ್ನೆಗೆ ಇಲ್ಲಿ ಜಾಸ್ತಿ ಹುಡುಕಾಡಬೇಕಿಲ್ಲ.

ನೇವ್‌ಗೆ ವಾಪಸ್ ಬಂದಾಗ ಮರದ ಜಾಲರಿಯ ಒಂದು ಆವರಣ ಕಾಣುತ್ತದೆ, ಕೋಣೆಯೊಳಗೆ ಇನ್ನೊಂದು ಕೋಣೆ ಇಟ್ಟ ಹಾಗೆ. ಅದು ಸಂತ ಪೀಟರನ ಚಾಪೆಲ್. ಮಧ್ಯಕಾಲದ ಚರ್ಚುಗಳು ಹೀಗೆ ಸಣ್ಣ ಸಣ್ಣ ಭಾಗಗಳಾಗಿ ಒಡೆದಿರುತ್ತಿದ್ದವು. ಒಂದೊಂದು ಸಂಘ, ಒಂದೊಂದು ಮನೆತನಕ್ಕೆ ಒಂದೊಂದು ಪೀಠ.

ಇಲ್ಲದ್ದನ್ನು ನೋಡುವುದು

ಇಷ್ಟು ಪೀಠಗಳಿದ್ದವು ಎಂದರೆ ಈಗ ಎಲ್ಲಿ ಹೋದವು? 1534ರಲ್ಲಿ ಎಂಟನೇ ಹೆನ್ರಿ ರೋಮಿನ ಪೋಪ್ ಜೊತೆ ಸಂಬಂಧ ಕಡಿದುಕೊಂಡ. ಅವನ ಮಗ ಆರನೇ ಎಡ್ವರ್ಡ್ ಕಾಲದಲ್ಲಿ, 1547ರ ನಂತರ, ವಿಗ್ರಹಗಳನ್ನು ತೆಗೆಸಿದರು, ಗೋಡೆಚಿತ್ರಗಳಿಗೆ ಸುಣ್ಣ ಬಳಿದರು. ಸತ್ತವರ ಹೆಸರಲ್ಲಿ ಪೂಜೆ ಮಾಡಿಸಲು ಬಿಟ್ಟಿದ್ದ ಆಸ್ತಿಯನ್ನೂ ಸರ್ಕಾರ ವಶಪಡಿಸಿಕೊಂಡಿತು. ಇಂಗ್ಲೆಂಡಿನ ಒಂದೊಂದು ಊರಚರ್ಚಿಗೂ ಈ ಏಟು ಬಿದ್ದಿದೆ.

ಆದ್ದರಿಂದ ಖಾಲಿ ಜಾಗಗಳನ್ನು ಹುಡುಕಿ. ವಿಗ್ರಹವಿಲ್ಲದ ಗೂಡು. ಗೋಡೆಯಲ್ಲಿ ಕೂರಿಸಿದ, ತೂತಿರುವ ಸಣ್ಣ ಕಲ್ಲಿನ ಬೋಗುಣಿ. ಅದು ಪೂಜೆಯ ಪಾತ್ರೆ ತೊಳೆದ ನೀರು ಚೆಲ್ಲುವ ಜಾಗ, ಅದಿದ್ದ ಕಡೆ ಪಕ್ಕದಲ್ಲಿ ಒಂದು ಪೀಠ ಇದ್ದೇ ಇತ್ತು. ಕೆಲವು ಚರ್ಚುಗಳಲ್ಲಿ ಎತ್ತರದಲ್ಲಿ, ಎಲ್ಲಿಗೂ ಹೋಗದ ಒಂದು ಬಾಗಿಲು ಕಾಣುತ್ತದೆ. ನೇವ್ ಮತ್ತು ಚಾನ್ಸಲ್ ನಡುವೆ ಅಡ್ಡಲಾಗಿ ಮರದ ಅಟ್ಟ ಇತ್ತು, ಅದರ ಮೇಲೆ ದೊಡ್ಡ ಶಿಲುಬೆ ನಿಲ್ಲಿಸುತ್ತಿದ್ದರು. ಅಟ್ಟ ಹೋಯಿತು, ಹತ್ತುವ ಬಾಗಿಲು ಉಳಿಯಿತು. ಗೋಡೆಯಲ್ಲಿ ಓರೆಯಾಗಿ ಕೊರೆದ ಕಿಂಡಿ ಸಿಕ್ಕರೆ ಅದರಲ್ಲಿ ಕಣ್ಣಿಟ್ಟು ನೋಡಿ. ಪಕ್ಕದಲ್ಲಿ ನಿಂತವರಿಗೂ ಬಲಿಪೀಠ ಕಾಣಲಿ ಎಂದು ಮಾಡಿದ್ದು ಅದು.

ಕ್ಷೌರಿಕನ ಸ್ಮಾರಕ, ನ್ಯಾಯಾಧೀಶನ ಸಮಾಧಿ

ಉತ್ತರದ ಗೋಡೆಯಲ್ಲಿ ಎಡ್ಮಂಡ್ ಹಾರ್ಮನ್ ಎಂಬವನ ಸ್ಮಾರಕ ಇದೆ, 1569ನೇ ಇಸವಿಯದು. ಇವನು ಎಂಟನೇ ಹೆನ್ರಿಯ ಕ್ಷೌರಿಕ. ಸುಮ್ನೆ ಅಲ್ಲ ಆ ಕೆಲಸ. ರಾಜನ ಕತ್ತಿನ ಹತ್ತಿರ ದಿನಾ ಕತ್ತಿ ಹಿಡಿಯುವವನು ಎಷ್ಟು ನಂಬಿಕೆಯವನಾಗಿರಬೇಕು! ಹೆನ್ರಿಯ ಉಯಿಲಿಗೆ ಸಾಕ್ಷಿ ಹಾಕಿದವರಲ್ಲಿ ಇವನೂ ಒಬ್ಬ. ಚರ್ಚಿನ ಆಸ್ತಿಗಳನ್ನು ರಾಜ ಕಿತ್ತುಕೊಂಡಾಗ ಬರ್ಫರ್ಡ್‌ನ ಸಂತ ಯೋಹಾನನ ಆಸ್ಪತ್ರೆಯ ಆಸ್ತಿ ಇವನ ಪಾಲಿಗೆ ಬಂತು. ಮೇಲೆ ಹೇಳಿದ ಏಟಿನಿಂದ ಲಾಭ ಆದವರು ಯಾರು ಎನ್ನುವುದಕ್ಕೆ ಇವನೇ ಉದಾಹರಣೆ.

ಸ್ಮಾರಕದ ಕೆಳಗೆ ಮಕ್ಕಳು ಮೊಣಕಾಲೂರಿ ಕೂತಿದ್ದಾರೆ. ಎಣಿಸಿ: ಒಂಬತ್ತು ಗಂಡು, ಏಳು ಹೆಣ್ಣು. ಹದಿನಾರರಲ್ಲಿ ಬದುಕುಳಿದದ್ದು ಇಬ್ಬರು ಹೆಣ್ಣುಮಕ್ಕಳು ಮಾತ್ರ. ಆಮೇಲೆ ಮೇಲೆ, ಬರಹದ ಸುತ್ತ ನೋಡಿ. ಗರಿಯ ತಲೆಯುಡುಗೆ ತೊಟ್ಟ ನಾಲ್ವರು. ಅಮೆರಿಕ ಖಂಡದ ಮೂಲನಿವಾಸಿಗಳು! ಬ್ರಿಟನ್ನಿನಲ್ಲಿ ಅವರ ಮೊದಲ ಚಿತ್ರಣ ಇದೇ ಎಂದು ಹೇಳುತ್ತಾರೆ. ಬ್ರೆಜಿಲ್ ಕಡೆಯ ಜನರಿರಬೇಕು ಎಂದು ಊಹೆ. ಆಕ್ಸ್‌ಫರ್ಡ್‌ಷೈರಿನ ಶಿಲ್ಪಿ ಅವರನ್ನು ಕಂಡಿರಲು ಸಾಧ್ಯವಿಲ್ಲ. ಫ್ಲಾಂಡರ್ಸ್‌ನಲ್ಲಿ ಅಚ್ಚಾಗಿ ಬರುತ್ತಿದ್ದ ಮಾದರಿ ಚಿತ್ರಗಳಿಂದ ತೆಗೆದುಕೊಂಡಿದ್ದಾನೆ. ಇಷ್ಟೆಲ್ಲ ಮಾಡಿಸಿಯೂ ಹಾರ್ಮನ್ ಇಲ್ಲಿ ಇಲ್ಲ. 1577ರಲ್ಲಿ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ಪಕ್ಕದ ಟೇಂಟನ್‌ನಲ್ಲಿ.

ಚಾನ್ಸಲ್‌ನ ಉತ್ತರಕ್ಕೆ ಹೋಗಿ. ಒಂದು ಸಣ್ಣ ಚಾಪೆಲ್ ಪೂರ್ತಿ ತುಂಬುವಂಥ ಸಮಾಧಿ. ಕಂಬ, ಚಾವಣಿ, ಬಣ್ಣ, ಮಲಗಿದ ಗಂಡ ಹೆಂಡತಿ. ಇವನು ಸರ್ ಲಾರೆನ್ಸ್ ಟ್ಯಾನ್‌ಫೀಲ್ಡ್, ರಾಜನ ದೊಡ್ಡ ನ್ಯಾಯಾಧೀಶ. ಬರ್ಫರ್ಡ್‌ನ ಒಡೆತನ ಕೊಂಡುಕೊಂಡು, ವ್ಯಾಪಾರಿಗಳ ಸಂಘದ ಹಕ್ಕುಗಳನ್ನೇ ಪ್ರಶ್ನಿಸಿ, 1620ರ ಹೊತ್ತಿಗೆ ಕೋರ್ಟಿನಲ್ಲಿ ಅವರ ಶಕ್ತಿ ಮುರಿದ. ಐನೂರು ವರ್ಷ ಹಳೆಯ ಹಕ್ಕುಪತ್ರದ ಕಥೆ ಅಲ್ಲಿಗೆ ಮುಗಿಯಿತು. ಗಿಲ್ಡ್ ಚಾಪೆಲ್ ನೋಡಿ ಇಲ್ಲಿಗೆ ಬನ್ನಿ ಎಂದು ನಾನು ಹೇಳುವುದು ಅದಕ್ಕೇ. ಒಂದೇ ಸೂರಿನಡಿ ವಾದಿ, ಪ್ರತಿವಾದಿ ಇಬ್ಬರೂ ಇದ್ದಾರೆ.

ಅವನು 1625ರಲ್ಲಿ ಸತ್ತ. ಹೆಂಡತಿ ಎಲಿಜಬೆತ್‌ಗೆ ಗಂಡನಿಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸ್ಮಾರಕ ಬೇಕಿತ್ತಂತೆ, ಸಿಗಲಿಲ್ಲ. 1628ರಲ್ಲಿ ಊರವರ ಒಪ್ಪಿಗೆ ಕೇಳದೇ ಇಲ್ಲೇ ಕಟ್ಟಿಸಿದಳು ಎಂದು ಹೇಳುತ್ತಾರೆ. ಊರವರ ಸಿಟ್ಟು ಎಷ್ಟಿತ್ತೆಂದರೆ, ಗಂಡ ಹೆಂಡತಿಯ ಪ್ರತಿಕೃತಿ ಮಾಡಿ ವರ್ಷಾ ವರ್ಷಾ ಸುಡುತ್ತಿದ್ದರಂತೆ. ಅವಳ ದೆವ್ವ ಉರಿಯುವ ಗಾಡಿಯಲ್ಲಿ ಓಡಾಡುತ್ತದೆ ಎಂಬ ಕಥೆಯೂ ಇದೆ. ಟಾರ್ಚ್ ಹಿಡಿದು ಸಮಾಧಿಯ ಕೆಳಗೆ ಬಗ್ಗಿ ನೋಡಿ. ಅಲ್ಲಿ ಕಲ್ಲಿನ ಒಂದು ಅಸ್ಥಿಪಂಜರ ಮಲಗಿದೆ. ಇವರ ಮಗಳು ಎಲಿಜಬೆತ್ ಕೇರಿ ಬರೆದ ನಾಟಕ 1613ರಲ್ಲಿ ಅಚ್ಚಾಯಿತು. ಹೆಣ್ಣೊಬ್ಬಳು ಇಂಗ್ಲಿಷಿನಲ್ಲಿ ಸ್ವಂತವಾಗಿ ಬರೆದು ಅಚ್ಚಾದ ಮೊದಲ ನಾಟಕ ಅದು.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಬ್ಬ. ಸಂಸತ್ತಿನ ಸ್ಪೀಕರ್ ಆಗಿದ್ದ ವಿಲಿಯಂ ಲೆಂಥಾಲ್. 1642ರಲ್ಲಿ ಒಂದನೇ ಚಾರ್ಲ್ಸ್ ರಾಜ ಸೈನಿಕರ ಜೊತೆ ಸಂಸತ್ತಿಗೆ ನುಗ್ಗಿದಾಗ ಎದುರು ನಿಂತವನು. 1662ರಲ್ಲಿ ಅವನನ್ನು ಇಲ್ಲೇ ಹೂಳಿದರು. ಸ್ಮಾರಕ ಬೇಡ, ನಾನೊಂದು ಹುಳು ಎಂದು ಲ್ಯಾಟಿನ್‌ನಲ್ಲಿ ಎರಡು ಪದ ಬರೆದರೆ ಸಾಕು ಎಂದಿದ್ದ.

ತೊಟ್ಟಿಯ ಅಂಚಿನ ಹೆಸರು

ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ಹುಡುಕಿ. ಸುತ್ತ ಸಂತರ ಕೆತ್ತನೆಯಿದೆ, ಅದನ್ನು ಆಮೇಲೆ ನೋಡಿ. ಮೊದಲು ಒಳಗಿನ ಸೀಸದ ಹೊದಿಕೆಯ ಮೇಲೆ ಓರೆಯಾಗಿ ಬೆಳಕು ಬಿಡಿ. ಆಂಥನಿ ಸೆಡ್ಲಿ, 1649, ಕೈದಿ ಎಂದು ಕೊರೆದಿರುವುದು ಕಾಣುತ್ತದೆ. ಕೈದಿ ಎನ್ನುವ ಪದದ ಕಾಗುಣಿತ ತಪ್ಪಿದೆ.

ಆ ವರ್ಷದ ಜನವರಿಯಲ್ಲಿ ರಾಜ ಚಾರ್ಲ್ಸ್‌ನ ತಲೆ ಕಡಿದಿದ್ದರು. ಅವನ ವಿರುದ್ಧ ಯುದ್ಧ ಗೆದ್ದ ಸಂಸತ್ತಿನ ಸೈನ್ಯದ ಒಳಗೇ ಜಗಳ ಶುರುವಾಯಿತು. ಬಾಕಿ ಸಂಬಳ ಕೊಡಿ, ಐರ್ಲೆಂಡಿಗೆ ಯುದ್ಧಕ್ಕೆ ಹೋಗುವುದಿಲ್ಲ, ಸಾಮಾನ್ಯರಿಗೂ ಓಟು ಬೇಕು ಎಂದವರಿಗೆ ಲೆವೆಲರ್‌ಗಳು ಎಂದು ಹೆಸರು. ಮೇ ತಿಂಗಳ ಒಂದು ರಾತ್ರಿ ಆ ಸೈನ್ಯದ ನಾಯಕ ಕ್ರಾಮ್‌ವೆಲ್ ಬರ್ಫರ್ಡ್ ಮೇಲೆ ಬಿದ್ದು, ಮಲಗಿದ್ದ ಬಂಡಾಯಗಾರರಲ್ಲಿ ಸುಮಾರು 340 ಜನರನ್ನು ಹಿಡಿದ. ಇವರನ್ನು ಕೂಡಿಹಾಕಿದ್ದು ಈ ಚರ್ಚಿನಲ್ಲೇ. ಊರಿನಲ್ಲಿ ಅಷ್ಟು ಜನ ಹಿಡಿಸುವ ಗಟ್ಟಿ ಕಲ್ಲಿನ ಕಟ್ಟಡ ಇನ್ನೊಂದು ಇರಲಿಲ್ಲ. ಮೇ 17ರಂದು ಥಾಮ್ಸನ್, ಪರ್ಕಿನ್ಸ್, ಚರ್ಚ್ ಎಂಬ ಮೂವರನ್ನು ಹೊರಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು. ಉಳಿದವರನ್ನು ಸೂರಿನ ಮೇಲೆ ಹತ್ತಿಸಿ ನೋಡುವಂತೆ ಮಾಡಿದರು. ಸೆಡ್ಲಿ ಆ ಮೂವರಲ್ಲಿ ಇಲ್ಲ. ಹೊರಗೆ ಹೋಗುವಾಗ ಗೋಡೆಯ ಮೇಲೆ ಆ ಮೂವರ ಹೆಸರಿನ ಫಲಕ ಕಾಣುತ್ತದೆ. ಅದನ್ನು ಹಾಕಿದ್ದು 1979ರಲ್ಲಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಇಲ್ಲಿ ಲೆವೆಲರ್‌ಗಳ ದಿನ ನಡೆಯುತ್ತದೆ. ಆಗ ಬಂದರೆ ಮೆರವಣಿಗೆ, ಭಾಷಣ, ಜೊತೆಗೆ ಪಾರ್ಕಿಂಗ್ ಪೇಚಾಟ.

ಹಳೆಯದರ ಥರ ಕಾಣುವ ಹೊಸದು

ಕೊನೆಗೆ ಒಂದು ಎಚ್ಚರಿಕೆ. ಕಲ್ಲಿನ ಅಂಚು ತೀರಾ ಚೂಪಾಗಿದ್ದರೆ, ಎಲ್ಲ ಎಲೆಗಳೂ ಒಂದೇ ಥರ ಇದ್ದರೆ, ನೆಲದ ಹಂಚು ಫಳಫಳ ಹೊಳೆಯುತ್ತಿದ್ದರೆ, ಅದು ಬಹುಶಃ ವಿಕ್ಟೋರಿಯಾ ರಾಣಿಯ ಕಾಲದ್ದು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಬಹುಪಾಲು ಊರಚರ್ಚುಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಕೆರೆದು, ಗಾರೆ ಕಿತ್ತು, ಹೊಸದು ಮಾಡಿದರು. ಬರ್ಫರ್ಡ್‌ನಲ್ಲಿ 1870ರ ದಶಕದಲ್ಲಿ ಆ ಕೆಲಸ ಮಾಡಿದವನು ವಾಸ್ತುಶಿಲ್ಪಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್. ನೀವು ಮೊದಲು ಫೋಟೋ ತೆಗೆಯುವ ಆ ಬಣ್ಣದ ಕಿಟಕಿಗಳಲ್ಲಿ ಮುಖ್ಯವಾದವು ಕೆಂಪ್ ಎಂಬ ಅದೇ ಶತಮಾನದ ಗಾಜಿನ ಕಲಾವಿದನವು.

1876ರಲ್ಲಿ ಈ ದಾರಿಯಲ್ಲಿ ಬಂದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಈ ಕೆಲಸ ನೋಡಿ ಕೆಂಡವಾದ. ಪಾದ್ರಿಯ ಹತ್ತಿರ ಜಗಳ ತೆಗೆದಾಗ, ಚರ್ಚ್ ನನ್ನದು, ಬೇಕಾದರೆ ಇದರೊಳಗೆ ತಲೆಕೆಳಗಾಗಿ ನಿಲ್ಲುತ್ತೇನೆ ಎಂದು ಪಾದ್ರಿ ಹೇಳಿದನಂತೆ. ಮರುವರ್ಷ, 1877ರಲ್ಲಿ, ಮಾರಿಸ್ ಹಳೆಯ ಕಟ್ಟಡಗಳನ್ನು ಉಳಿಸಲು ಒಂದು ಸಂಘ ಕಟ್ಟಿದ. ಹಳೆಯದನ್ನು ಕೆರೆಯಬೇಡಿ, ಹೊಸದರ ಹಾಗೆ ಮಾಡಬೇಡಿ, ದಿನನಿತ್ಯದ ರಿಪೇರಿ ಮಾಡಿ ಕಾಪಾಡಿ ಎನ್ನುವುದು ಅದರ ಮಾತು. ಆ ಸಂಘ ಈಗಲೂ ಇದೆ. ನಮ್ಮ ಊರ ದೇವಸ್ಥಾನಗಳ ಹಳೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿಯುವುದನ್ನು ನೋಡಿದಾಗಲೆಲ್ಲ ನನಗೆ ಮಾರಿಸ್ ನೆನಪಾಗುತ್ತಾನೆ. ಆದರೂ ಸ್ಟ್ರೀಟ್‌ನನ್ನು ಪೂರ್ತಿ ಬೈಯಲು ಮನಸ್ಸಾಗುವುದಿಲ್ಲ. ಆಗ ಎಷ್ಟೋ ಚರ್ಚುಗಳ ಸೂರು ಸೋರುತ್ತಿತ್ತು, ಗೋಡೆ ಬಿರುಕು ಬಿಟ್ಟಿತ್ತು. ಯಾರೂ ಕೈಹಾಕದೇ ಇದ್ದಿದ್ದರೆ ಇವತ್ತು ನೋಡಲು ಏನು ಉಳಿಯುತ್ತಿತ್ತೋ.

ಇನ್ನೂ ಹೊತ್ತಿದ್ದರೆ

ಕಾರಿದ್ದವರು ದಕ್ಷಿಣಕ್ಕೆ ಫೇರ್‌ಫರ್ಡ್‌ಗೆ ಹೋಗಬಹುದು. ಅಲ್ಲಿನ ಚರ್ಚಿನಲ್ಲಿ 1500ರ ಸುಮಾರಿನ ಬಣ್ಣದ ಗಾಜು 28 ಕಿಟಕಿಗಳಲ್ಲಿ ಉಳಿದಿದೆ. ಇಂಗ್ಲೆಂಡಿನ ಬೇರೆ ಯಾವ ಊರಚರ್ಚಿನಲ್ಲೂ ಮಧ್ಯಕಾಲದ ಗಾಜು ಹೀಗೆ ಪೂರ್ತಿಯಾಗಿ ಉಳಿದಿಲ್ಲ. ಬೈನಾಕ್ಯುಲರ್ ಅಲ್ಲಿ ಬೇಕೇ ಬೇಕು.

ನಡೆಯಲು ಇಷ್ಟ ಇದ್ದವರು ವಿಂಡ್‌ರಷ್ ಕಣಿವೆಯಲ್ಲೇ ಪೂರ್ವಕ್ಕೆ ಹೋಗಿ. ಎರಡೂವರೆ ಕಿ.ಮೀ. ಆಸುಪಾಸಿನಲ್ಲಿ ವಿಡ್‌ಫರ್ಡ್‌ನ ಪುಟ್ಟ ಚರ್ಚ್ ಹೊಲದ ನಡುವೆ ಒಂಟಿಯಾಗಿ ನಿಂತಿದೆ. ಸುತ್ತಲಿದ್ದ ಊರು ಯಾವಾಗಲೋ ಹೋಯಿತು. ಒಳಗೆ 14ನೇ ಶತಮಾನದ ಗೋಡೆಚಿತ್ರಗಳಿವೆ. ಇನ್ನೂ ಮುಂದೆ ಸ್ವಿನ್‌ಬ್ರೂಕ್‌ನಲ್ಲಿ ಫೆಟಿಪ್ಲೇಸ್ ಮನೆತನದ ಆರು ಗಂಡಸರು ರೈಲಿನ ಬರ್ತ್‌ಗಳಲ್ಲಿ ಮಲಗಿದ ಹಾಗೆ, ಒಬ್ಬರ ಮೇಲೊಬ್ಬರು ಮೊಣಕೈ ಊರಿಕೊಂಡು ಕಲ್ಲಾಗಿದ್ದಾರೆ. ಮಳೆ ಬಂದಿದ್ದರೆ ದಾರಿಯಲ್ಲಿ ಕೆಸರು ಜಾಸ್ತಿ. ಒಳ್ಳೆಯ ಶೂ ಹಾಕಿಕೊಳ್ಳಿ. ವಾಪಸ್ ಬರುವ ಬಸ್ಸಿನ ಹೊತ್ತು ಮೊದಲೇ ನೋಡಿಟ್ಟುಕೊಳ್ಳಿ, ಸಂಜೆಯ ಮೇಲೆ ಬಸ್ಸು ಕಡಿಮೆ.